1953ರ ಷೆವರ್ಲೆ ಪಿಕಪ್ ಮಾರಾಟಕ್ಕಿದೆ, ಕೊಳ್ಳಬಹುದೆ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಆಸ್ಟಿನ್, ಟೆಕ್ಸಸ್): ಇಲ್ಲಿ ಹತ್ತಿರದಲ್ಲೇ ಒಬ್ಬರು 1953ರ ಷೆವರ್ಲೆ 3100, ಅರ್ಧ ಟನ್ ಪಿಕಪ್ಪನ್ನು ಮಾರಾಟಕ್ಕೆ ಇಟ್ಟಿದ್ದಾರೆ. ಪೂರ್ತಿ ಬಿಚ್ಚಿ ಹೊಸದು ಮಾಡಿದ್ದೇವೆ ಎನ್ನುತ್ತಾರೆ. ಕಡು ಹಸಿರು ಬಣ್ಣ, ಹಿಂದೆ ಪಾಲಿಶ್ ಹಾಕಿದ ಓಕ್ ಹಲಗೆ, ಐದು ಕಿಟಕಿಯ ಕ್ಯಾಬ್. ಎಂಜಿನ್ ಹಳೆಯ 216 (ಘನ ಅಂಗುಲ), ಬ್ಯಾಟರಿ 6 ವೋಲ್ಟ್. ಕೇಳುತ್ತಿರುವುದು 32,000 ಡಾಲರ್. ನಾನು ಮೂಡಿಗೆರೆ ಕಡೆಯವನು, ತೋಟದ ಜೀಪುಗಳ ನಡುವೆ ಬೆಳೆದವನು. ಗಾಡಿ ಓಡಿಸಲು ಬರುತ್ತದೆ, ಬಿಚ್ಚಲು ಬರುವುದಿಲ್ಲ. ವಾರಾಂತ್ಯಕ್ಕೆ ಸಾಮಾನು ತರಲು, ಆಗೊಮ್ಮೆ ಈಗೊಮ್ಮೆ ಸ್ಯಾನ್ ಆಂಟೋನಿಯೊ ತನಕ ಹೋಗಿಬರಲು ಬೇಕು. ಮುಂದೆ ಊರಿಗೆ ಸಾಗಿಸುವ ಆಸೆಯೂ ಇದೆ. ಏನೇನು ನೋಡಬೇಕು?

ಸ್ಯಾಕ್ರಮೆಂಟೊದಿಂದ: ನನ್ನಲ್ಲಿ 1952ರದು ಇದೆ, ಅದೇ 216 ಎಂಜಿನ್. ಬೆಲೆಯ ಮಾತು ಆಮೇಲೆ. ಸ್ಯಾನ್ ಆಂಟೋನಿಯೊ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ.

ಈ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡ್‌ಗಳ (ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ದಂಡಗಳ) ಬೇರಿಂಗಿಗೆ ಪಂಪಿನ ಒತ್ತಡದಲ್ಲಿ ಆಯಿಲ್ ಹೋಗುವುದಿಲ್ಲ. ರಾಡಿನ ಬುಡದಲ್ಲಿ ಪುಟ್ಟ ಸೌಟಿನಂಥದೊಂದು ಇರುತ್ತದೆ, ಪ್ರತಿ ಸುತ್ತಿಗೂ ಅದು ಆಯಿಲನ್ನು ಮೊಗೆದುಕೊಳ್ಳುತ್ತದೆ. ಬೇರಿಂಗ್ ಕೂಡ ಬಿಡಿ ಭಾಗವಲ್ಲ. ಬ್ಯಾಬಿಟ್ ಎಂಬ ಮೆತ್ತನೆಯ ಲೋಹವನ್ನು ರಾಡಿಗೇ ಎರಕ ಹೊಯ್ದಿರುತ್ತಾರೆ. ಹಳ್ಳಿರಸ್ತೆಯ ವೇಗದಲ್ಲಿ ಇದು ದಶಕಗಟ್ಟಲೆ ದುಡಿದಿದೆ. ಆದರೆ ಹಿಂದಿನ ಆಕ್ಸಲಿನ ಅನುಪಾತ 4.11, ಅಂದರೆ ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ 4.11 ಸುತ್ತು ಸುತ್ತಬೇಕು. ಗಂಟೆಗೆ 55 ಮೈಲಿ ಓಡಿಸಿದರೆ ಎಂಜಿನ್ ನಿಮಿಷಕ್ಕೆ ಸುಮಾರು 2,700 ಸುತ್ತು ಸುತ್ತುತ್ತಿರುತ್ತದೆ, ಕೇಳುವ ಕಿವಿಗೇ ಸಂಕಟವಾಗುತ್ತದೆ. ಆ ದಾರಿಯ ಅಂತರರಾಜ್ಯ ಹೆದ್ದಾರಿ 35ರಲ್ಲಿ ಹಿಂದಿನಿಂದ ಲಾರಿಗಳು 75ರಲ್ಲಿ ಬರುತ್ತಿರುವಾಗ ನೀವು 50ರಲ್ಲಿ ಹೋಗುವವರೆ?

1954ರಿಂದ ಪಿಕಪ್‌ಗಳಿಗೆ ಬಂದ 235 ಎಂಜಿನ್ನಿಗೆ ಪೂರ್ತಿ ಒತ್ತಡದ ಆಯಿಲ್ ವ್ಯವಸ್ಥೆ ಇದೆ. ಹಾಗಾಗಿ ಅನೇಕರು ಹಳೆಯ ಗಾಡಿಗೆ ಅದನ್ನು ಕೂರಿಸುತ್ತಾರೆ. ಹೆದ್ದಾರಿಯೇ ಮುಖ್ಯವಾದರೆ ಅಂಥ ಗಾಡಿ ಹುಡುಕಿ. ಇದನ್ನೇ ಕೊಂಡು ಆಮೇಲೆ ಗೇರ್ ಅನುಪಾತ ಬದಲಿಸೋಣ ಎಂದು ಯಾರಾದರೂ ಹೇಳಿದರೆ ಜೇಬು ಗಟ್ಟಿಯಾಗಿ ಹಿಡಿದುಕೊಳ್ಳಿ: 1954ರ ತನಕ ಅರ್ಧ ಟನ್ ಗಾಡಿಗಳಲ್ಲಿ ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಒಂದು ಕೊಳವೆಯೊಳಗೆ ಮುಚ್ಚಿಕೊಂಡು ಆಕ್ಸಲಿಗೇ ಸೇರಿರುತ್ತದೆ. ಒಂದನ್ನು ಬದಲಿಸಲು ಹೋದರೆ ಹಿಂದಿನದೆಲ್ಲ ಬದಲಾಗಬೇಕು.

ಇನ್ನೊಂದು: ಆಯಿಲ್ ಒತ್ತಡದ ಮಾಪಕ ನೋಡಿ ಗಾಬರಿಯಾಗಬೇಡಿ. ಅದರಲ್ಲಿ ಅಂಕಿ ಇರುವುದೇ 30ರ ತನಕ. ಬಿಸಿ ಎಂಜಿನ್ ಓಡುವಾಗ ಮುಳ್ಳು 15ರ ಆಸುಪಾಸು ನಿಂತರೆ ಸರಿ.

ಡೆಟ್ರಾಯಿಟ್‌ನಿಂದ, ಮೊದಲು ಹುಬ್ಬಳ್ಳಿ: ಎಂಜಿನ್ ವಿಷಯ ಅವರು ಹೇಳಿದರು. ನಾನು ಟಿಂಕರಿಂಗ್ ಕಲಿತವನು, ತಗಡಿನ ವಿಷಯ ಹೇಳುತ್ತೇನೆ. ಬಣ್ಣಕ್ಕೆ ಮರುಳಾಗಬೇಡಿ. ಈ ಗಾಡಿಗಳು ತುಕ್ಕು ಹಿಡಿಯುವ ಜಾಗ ಯಾವಾಗಲೂ ಅವೇ: ಕ್ಯಾಬಿನ ಹಿಂಬದಿಯ ಕೆಳಮೂಲೆಗಳು, ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಫೆಂಡರಿನ ಹಿಂದೆ ಕೆಸರು ತುಂಬಿಕೊಳ್ಳುವ ಸಂದು, ಪೆಡಲುಗಳ ಕೆಳಗಿನ ನೆಲ. ಫ್ರಿಜ್ ಬಾಗಿಲಿಗೆ ಅಂಟಿಸುವ ಸಾದಾ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಮೂಲೆಯ ಮೇಲೆ ಮೆಲ್ಲಗೆ ಜಾರಿಸಿ. ಬಾಗಿಲ ನಡುವೆ ಹಿಡಿದಷ್ಟು ಬಿಗಿಯಾಗಿ ಮೂಲೆಯಲ್ಲಿ ಹಿಡಿಯದಿದ್ದರೆ ಒಳಗೆ ಪುಟ್ಟಿ ಇದೆ. ತೆಳ್ಳಗೆ ಪುಟ್ಟಿ ಇರುವುದು ತಪ್ಪಲ್ಲ, ಒಳ್ಳೆಯ ಕೆಲಸಗಾರನೂ ಹಾಕುತ್ತಾನೆ. ಅಯಸ್ಕಾಂತ ಜಾರಿ ಬಿದ್ದರೆ ಮಾತ್ರ ಬೆಲೆಯ ಮಾತು ಹೊಸದಾಗಿ ಆಡಬೇಕು.

ಆಮೇಲೆ ಐದು ಕಿಟಕಿ, ಅಂದರೆ ಬಾಗಿಲುಗಳ ಎರಡು, ಹಿಂದಿನದೊಂದು, ಹಿಂದಿನ ಮೂಲೆಗಳ ಎರಡು. ಮೂಲೆಗಾಜು ಬಂದಿದ್ದು ಡಿಲಕ್ಸ್ ಕ್ಯಾಬಿಗೆ ಮಾತ್ರ. ಬೇಡಿಕೆ ಇರುವುದರಿಂದ ಸಾದಾ ಕ್ಯಾಬಿನ ಮೂಲೆ ಕೊಯ್ದು ಗಾಜು ಕೂರಿಸಿ ಡಿಲಕ್ಸ್ ಎನ್ನುವವರಿದ್ದಾರೆ. ಒಳಗಿನಿಂದ ಕೈಯಾಡಿಸಿ ಬೆಸುಗೆಯ ಗುರುತು ಸಿಗುತ್ತದೆಯೇ ನೋಡಿ.

ವರ್ಷವನ್ನೂ ಒರೆಗೆ ಹಚ್ಚಬಹುದು. 1953ರ ಮುಂಗಾಜು ನಡುವೆ ಪಟ್ಟಿ ಇರುವ ಎರಡು ಹೋಳು. 1954ಕ್ಕೆ ಒಂದೇ ಬಾಗಿದ ಗಾಜಾಯಿತು, ಮುಂದಿನ ಜಾಲರಿಯೂ ಬದಲಾಯಿತು. ಬಾಗಿಲಿಗೆ ಗುಂಡಿ ಒತ್ತುವ ಹಿಡಿ ಬಂದಿದ್ದು 1952ರಲ್ಲಿ. ನಿಮ್ಮದರಲ್ಲಿ ತಿರುಗಿಸುವ ಹಿಡಿ ಇದ್ದರೆ ಆ ಬಾಗಿಲು ಬೇರೆ ಗಾಡಿಯದು. ಅದೇನೂ ಅಪರಾಧವಲ್ಲ, ಆದರೆ ‘ಎಲ್ಲ ಮೂಲದ್ದೇ’ ಎಂದವರು ಉತ್ತರ ಕೊಡಬೇಕು.

ಹ್ಯೂಸ್ಟನ್‌ನಿಂದ: ಕಾಗದಪತ್ರ ಮೊದಲು. ಆ ಕಾಲದಲ್ಲಿ ಕೆಲವು ರಾಜ್ಯಗಳು ಎಂಜಿನ್ ಸಂಖ್ಯೆಯನ್ನೇ ಟೈಟಲ್ (ಮಾಲೀಕತ್ವದ ಪತ್ರ) ಮೇಲೆ ಬರೆದವು. ಎಂಜಿನ್ ಬದಲಾದ ಮೇಲೆ ಕಾಗದಕ್ಕೂ ಗಾಡಿಗೂ ತಾಳೆಯೇ ಆಗದು. ಚಾಲಕನ ಬಾಗಿಲ ಕಂಬದ ಮೇಲಿನ ಗಾಡಿ ಸಂಖ್ಯೆಯ ಫಲಕವನ್ನೂ ಟೈಟಲನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ. ಫಲಕ ಮಿರಿಮಿರಿ ಹೊಸದಾಗಿದ್ದರೆ ಏಕೆ ಎಂದು ಕೇಳಿ, ಅಂಥವು ಅಂಗಡಿಯಲ್ಲಿ ಸಿಗುತ್ತವೆ.

ಟೆಕ್ಸಸ್‌ನಲ್ಲಿ ಪುರಾತನ ವಾಹನದ ನಂಬರ್ ಪ್ಲೇಟ್ ಅಗ್ಗ, ಆದರೆ ಅದು ಪ್ರದರ್ಶನ, ಮೆರವಣಿಗೆ, ಕ್ಲಬ್ಬಿನ ಕೂಟಗಳಿಗೆ. ಸಾಮಾನು ಹೇರುವುದಾದರೆ ಮಾಮೂಲಿ ನೋಂದಣಿ ಮಾಡಿಸಿ. 2025ರ ಜನವರಿಯಿಂದ ಖಾಸಗಿ ವಾಹನಗಳ ವಾರ್ಷಿಕ ಸುರಕ್ಷತಾ ತಪಾಸಣೆಯೂ ಇಲ್ಲಿ ರದ್ದಾಗಿದೆ. ಅಂದರೆ ಬ್ರೇಕ್ ಸರಿಯಿದೆ ಎಂದು ಸರ್ಕಾರದ ಪರವಾಗಿ ಯಾರೂ ನೋಡುವುದಿಲ್ಲ, ನೀವೇ ನೋಡಿಸಬೇಕು. ವಿಮೆ ಮಾಡಿಸುವಾಗ ಮೊದಲೇ ಒಪ್ಪಿದ ಮೌಲ್ಯದ ಪಾಲಿಸಿ ಕೇಳಿ. ಮಾಮೂಲಿ ಪಾಲಿಸಿಯ ಲೆಕ್ಕದಲ್ಲಿ ಎಪ್ಪತ್ತು ವರ್ಷದ ಗಾಡಿಗೆ ಬೆಲೆ ಎಲ್ಲಿಂದ ಬರಬೇಕು?

ಸ್ಯಾನ್ ಹೋಸೆಯಿಂದ: ಬ್ರೇಕ್ ಎಂದಾಗ ನೆನಪಾಯಿತು. ನಾಲ್ಕೂ ಚಕ್ರಕ್ಕೆ ಡ್ರಮ್, ಮಾಸ್ಟರ್ ಸಿಲಿಂಡರ್ ನೆಲದ ಕೆಳಗೆ, ದ್ರವದ ದಾರಿ ಒಂದೇ. ಒಂದು ಕೊಳವೆ ಒಡೆದರೆ ನಾಲ್ಕೂ ಹೋದಂತೆ. ಸೀಟ್ ಬೆಲ್ಟ್ ಇಲ್ಲ. ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬಿನೊಳಗೆ, ನಿಮ್ಮ ಬೆನ್ನ ಹಿಂದೆ! ಕಿಟಕಿ ಮುಚ್ಚಿ ಸ್ವಲ್ಪ ಹೊತ್ತು ಒಳಗೆ ಕುಳಿತುಕೊಳ್ಳಿ, ವಾಸನೆ ಬಂದರೆ ರಬ್ಬರ್ ಕೊಳವೆ ಹೋಗಿದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಡೆಯದು. ಮಕ್ಕಳನ್ನು ಕೂರಿಸುವ ಯೋಚನೆ ಇದ್ದರೆ ಇನ್ನೊಮ್ಮೆ ಯೋಚಿಸಿ.

ಮೈಸೂರಿನಿಂದ: ಊರಿಗೆ ತರುವ ಮಾತಿಗೆ ನಾನು ತಣ್ಣೀರು ಎರಚುತ್ತೇನೆ, ಕ್ಷಮಿಸಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ‘ವಿಎ’ ಸರಣಿಯ ಸಂಖ್ಯೆ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000. ರಸ್ತೆಗೆ ಇಳಿಸಬಹುದಾದದ್ದು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥ ಕೆಲಸಕ್ಕೆ. ತೋಟದಿಂದ ಮೂಡಿಗೆರೆ ಸಂತೆಗೆ ಹೋಗಿಬರಲು ಅಲ್ಲ. ಹಡಗಿನ ಬಾಡಿಗೆ, ಸುಂಕ ಬೇರೆ. ಸ್ಟಿಯರಿಂಗ್ ಎಡಕ್ಕಿರುವುದಕ್ಕೂ ಮೋಟಾರು ವಾಹನ ಕಾಯ್ದೆಯಲ್ಲಿ ಷರತ್ತಿದೆ, ಸಂಕೇತ ತೋರಿಸುವ ಸಾಧನ ಇರಲೇಬೇಕು. ಹೆದ್ದಾರಿಗಾಗಿ ಎಂಜಿನ್, ಆಕ್ಸಲ್ ಎಲ್ಲ ಬದಲಿಸಿದರೆ ‘ಮೂಲ ರೂಪ’ ಎನ್ನುವುದೂ ಉಳಿಯದು. ಜೀಪಿನ ನೆನಪೇ ಕಾಡುತ್ತಿದ್ದರೆ ಚಿಕ್ಕಮಗಳೂರಿನಲ್ಲೇ ಹಳೆಯ ಮಹೀಂದ್ರಾ ಹುಡುಕಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಊರಿನ ಯೋಚನೆ ಕೈಬಿಟ್ಟೆ, ಸ್ಯಾನ್ ಆಂಟೋನಿಯೊ ಕೂಡ. ಮಾರುವವರನ್ನು ಕೇಳಿದೆ. ಶನಿವಾರ ಬನ್ನಿ, ತಣ್ಣಗಿರುವಾಗ ಹೇಗೆ ಚಾಲೂ ಆಗುತ್ತದೆ ಎಂದು ನೀವೇ ನೋಡಲು ಎಂಜಿನ್ ಚಾಲೂ ಮಾಡದೆ ಇಟ್ಟಿರುತ್ತೇನೆ ಎಂದಿದ್ದಾರೆ. ಚಾಸಿಯ ಕೆಲಸದ ಫೋಟೊ ಇವೆ, ಕ್ಯಾಬಿನ ಮೂಲೆಗಳದ್ದು ಇಲ್ಲ. ಎಂಜಿನ್ ಬಿಚ್ಚಿ ಕಟ್ಟಿದ್ದೇವೆ ಎನ್ನುತ್ತಾರೆ, ಬಿಲ್ ಸಿಗುತ್ತಿಲ್ಲವಂತೆ.

ಡೆಟ್ರಾಯಿಟ್‌ನಿಂದ: ಬೇಕಾದ ಕಡೆಯ ಫೋಟೊ ಮಾತ್ರ ಇಲ್ಲ! ಅಯಸ್ಕಾಂತ ಮರೆಯಬೇಡಿ.

ಸ್ಯಾಕ್ರಮೆಂಟೊದಿಂದ: ಬಿಲ್ ಇಲ್ಲದ ಎಂಜಿನ್ನನ್ನು ಬಿಚ್ಚದ ಎಂಜಿನ್ ಎಂದೇ ಲೆಕ್ಕ ಹಾಕಿ ಬೆಲೆ ಹೇಳಿ. ಒಪ್ಪದಿದ್ದರೆ ನಿಮ್ಮ ಖರ್ಚಿನಲ್ಲೇ ಹಳೆಯ ಷೆವರ್ಲೆ ಬಲ್ಲ ಮೆಕ್ಯಾನಿಕ್ಕನ್ನು ಕರೆತಂದು ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಇಳಿಸಿ ರಾಡ್‌ಗಳು ಎಷ್ಟು ಸಡಿಲವಾಗಿವೆ ಎಂದು ನೋಡಿಸಲು ಅನುಮತಿ ಕೇಳಿ. ರಾಡಿನ ಹಿಡಿತದಲ್ಲಿ ಶಿಮ್ ಎಂಬ ತೆಳು ತಗಡಿನ ಚೂರುಗಳಿರುತ್ತವೆ, ಸಡಿಲ ಸ್ವಲ್ಪವೇ ಇದ್ದರೆ ಅವನ್ನು ತೆಗೆದು ಬಿಗಿ ಮಾಡಬಹುದು. ತೆಗೆಯಲು ಶಿಮ್ಮೇ ಉಳಿದಿಲ್ಲ ಎಂದಾದರೆ ಹೊಸದಾಗಿ ಬ್ಯಾಬಿಟ್ ಎರೆಯಬೇಕು, ಆ ಕೆಲಸ ಬಲ್ಲ ಅಂಗಡಿಗಳು ಈಗ ಬೆರಳೆಣಿಕೆ. ಹಾಗೆಯೇ ಶನಿವಾರ ಸ್ಟಾರ್ಟ್ ಮಾಡುವಾಗ ಬ್ಯಾಟರಿಯ ಕೇಬಲ್ ಮುಟ್ಟಿ ನೋಡಿ. 6 ವೋಲ್ಟಿಗೆ ದಪ್ಪ ಕೇಬಲ್ ಬೇಕು. ಯಾರೋ ಈಗಿನ ಕಾರಿನ ತೆಳು ಕೇಬಲ್ ಹಾಕಿದ್ದರೆ ಅದು ಬಿಸಿಯಾಗುತ್ತದೆ, ಎಂಜಿನ್ ಮುಲುಗುತ್ತದೆ. ಆ ದೋಷ ಮಾತ್ರ ಅಗ್ಗದಲ್ಲಿ ಸರಿಹೋಗುತ್ತದೆ, ಅದನ್ನು ತೋರಿಸಿ ಬೆಲೆ ಇಳಿಸಲು ಅಡ್ಡಿಯಿಲ್ಲ.