ಅಪ್‌ಡೇಟ್: ಒಸಾಕಾದ ಎತ್ತರದ ಹೋಟೆಲ್, ಅಮ್ಮನ ಭಯ

ಅಮ್ಮನಿಗೆ ಎತ್ತರ ಅಂದ್ರೆ ಭಯ, ಅಬೆನೊ ಹರುಕಾಸ್ ಕಟ್ಟಡದ ಮ್ಯಾರಿಯಟ್ ಮಿಯಾಕೊದಲ್ಲಿ ರೂಮ್ ಮಾಡ್ಲಾ ಬೇಡ್ವಾ ಅಂತ ಕೇಳಿದ್ನಲ್ಲ, ಹೋಗಿ ಬಂದ್ವಿ. 300 ಮೀಟರ್ ಕಟ್ಟಡ; ಲಾಬಿಯೇ 19ನೇ ಮಹಡಿ, ರೂಮುಗಳು ಶುರುವಾಗೋದೇ 38ರಿಂದ. ಕೆಳಗಿನ ರೂಮ್ ಕೇಳೋ ನನ್ನ ಪ್ಲಾನ್ ಅಲ್ಲೇ ಠುಸ್.

ಮೊದಲ ರಾತ್ರಿ ಅಮ್ಮ ಪರದೆ ಸರಿಸೋಕೇ ಬಿಡ್ಲಿಲ್ಲ. ಬೆಳಿಗ್ಗೆ ಎದ್ದು ನೋಡ್ತೀನಿ, ಕಿಟಕಿ ಪಕ್ಕವೇ ಕಾಫಿ ಹಿಡ್ಕೊಂಡು ಕೂತಿದ್ದಾಳೆ! 108 ಮೀಟರಿನ ತ್ಸುತೆನ್‌ಕಾಕು ಗೋಪುರ ಕೆಳಗೆ ಆಟದ ಸಾಮಾನಿನ ಥರ. ಶಿತೆನ್ನೋಜಿ ತೋರಿಸಿದ್ರೆ, "ದೇವಸ್ಥಾನನ ಮೇಲಿಂದ ನೋಡ್ಬಾರ್ದು ಕಣೋ" ಅಂತ ನಡ್ಕೊಂಡೇ ಕರ್ಕೊಂಡು ಹೋದ್ಲು.

ಊಟದ್ದೇ ಫಜೀತಿ. ಸೋಯಾ ಪೇಸ್ಟಿನ ಮಿಸೋ ಸೂಪಲ್ಲೂ ಸಾಮಾನ್ಯವಾಗಿ "ದಾಶಿ" ಅನ್ನೋ ಒಣಮೀನಿನ ಸಾರ ಇರತ್ತೆ, ಸಸ್ಯಾಹಾರಿಗಳು ಮೀನಿನ ದಾಶಿ ಹಾಕಿದ್ದೀರಾ ಅಂತ ಮೊದಲೇ ಕೇಳಿ. ನಾವು ಚಟ್ನಿಪುಡಿ ಒಯ್ದಿದ್ದಕ್ಕೆ ಬಚಾವ್.