ಜಿಟಿ ಕಂಡಲ್ಲೆಲ್ಲ ಸ್ಪ್ಲೈಸಿಂಗ್ ಅಂತಿದೆ ನನ್ನ ಪ್ರೋಗ್ರಾಂ, ಅನುಭವ ಇದ್ದವರು ಹೇಳಿ

ದಾವಣಗೆರೆಯ ಎಂ.ಎಸ್ಸಿ. ವಿದ್ಯಾರ್ಥಿನಿ: ಮನುಷ್ಯನ ಜೀನ್‌ಗಳಲ್ಲಿ ಇಂಟ್ರಾನ್ (ಸ್ಪ್ಲೈಸಿಂಗ್‌ನಲ್ಲಿ, ಅಂದರೆ ಜೀನಿನ ಆರ್‌ಎನ್‌ಎ ನಕಲನ್ನು ಕತ್ತರಿಸಿ ಜೋಡಿಸುವಾಗ, ತೆಗೆದುಹಾಕುವ ತುಂಡು) ಶುರುವಾಗುವ ಜಾಗ ಗುರುತಿಸೋದು ನನ್ನ ಪ್ರಾಜೆಕ್ಟ್. ಅಲ್ಲಿ ಸಾಮಾನ್ಯವಾಗಿ ಜಿ, ಟಿ ಎಂಬ ಡಿಎನ್‌ಎ ಅಕ್ಷರಗಳು ಇರುತ್ತವೆ. ಸಾವಿರ ನಿಜವಾದ, ಸಾವಿರ ಸುಳ್ಳು ಜಿಟಿ ಕೊಟ್ಟರೆ 95% ಸರಿ ಹೇಳುತ್ತದೆ. ಇಡೀ ಜೀನ್ ಕೊಟ್ಟರೆ ಎಲ್ಲೆಲ್ಲೂ ಸಿಗ್ನಲ್! ಮುಂದಿನ ವಾರ ವೈವಾ.

ಚಿತ್ರದುರ್ಗದಿಂದ, ಹಳೆ ವಿದ್ಯಾರ್ಥಿ: ತಂಗಿ, ನಾನೂ ಇದೇ ಗುಂಡಿಗೆ ಬಿದ್ದವನು. ಹತ್ತು ಸಾವಿರ ಅಕ್ಷರದ ಜೀನ್ ತಗೋ. ನಾಲ್ಕೂ ಅಕ್ಷರ ಸಮ ಇದ್ದರೆ 16ಕ್ಕೆ ಒಂದರಂತೆ ಸುಮ್ನೆ 625 ಜಿಟಿ ಬೀಳುತ್ತವೆ. ನಿಜವಾದವು ಎಂಟು ಅಂದುಕೋ. ಉಳಿದವುಗಳಲ್ಲಿ ನೂರಕ್ಕೆ ಐದು ತಪ್ಪಿದರೂ ಸುಮಾರು 31 ಸುಳ್ಳು. ಮಂಡಕ್ಕಿ ಚೀಲದಲ್ಲಿ ಎಂಟು ಶೇಂಗಾ ಹುಡುಕಿದ ಹಾಗೆ. 95% ಅನ್ನೋದನ್ನು ಮರೆತುಬಿಡು. ನೀನು ಹೌದು ಅಂದದ್ದರಲ್ಲಿ ಎಷ್ಟು ನಿಜ, ನಿಜವಾದದ್ದರಲ್ಲಿ ಎಷ್ಟು ಸಿಕ್ಕಿತು, ಈ ಎರಡನ್ನೇ ವೈವಾದಲ್ಲಿ ಹೇಳು.

ಎರಡಕ್ಷರ ಬಿಡು, ಒಂಬತ್ತು ನೋಡು: ಎಕ್ಸಾನಿನ (ಕತ್ತರಿಸಿದ ಮೇಲೂ ಉಳಿಯುವ ತುಂಡು) ಕೊನೆಯ ಮೂರು, ಇಂಟ್ರಾನಿನ ಮೊದಲ ಆರು. ನಿಜವಾದವುಗಳಲ್ಲಿ ಪ್ರತಿ ಜಾಗದಲ್ಲಿ ಆ ಅಕ್ಷರ ನೂರಕ್ಕೆ ಎಷ್ಟು ಸಲ ಬರುತ್ತದೋ ಅದನ್ನು ಸಾಮಾನ್ಯ ಪ್ರಮಾಣದಿಂದ ಭಾಗಿಸು, ಲಾಗ್ ತಗೋ, ಕೂಡು. ಶಪಿರೋ ಮತ್ತು ಸೇನಾಪತಿ ಎಂಬ ವಿಜ್ಞಾನಿಗಳು 1987ರಲ್ಲೇ ಇಂಥ ಅಂಕ ಕೊಡುವ ದಾರಿ ತೋರಿಸಿದ್ದರು. ಆದರೆ ಅಕ್ಕಪಕ್ಕದ ಜಾಗಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅದನ್ನೂ ಲೆಕ್ಕಕ್ಕೆ ತಗೊಂಡ ಪ್ರೋಗ್ರಾಂ 2004ರ ಮ್ಯಾಕ್ಸ್‌ಎಂಟ್‌ಸ್ಕ್ಯಾನ್. ಅದರ ಜೊತೆ ಹೋಲಿಸಿ ನೋಡು.

ದಾವಣಗೆರೆಯ ಪ್ರೋಗ್ರಾಮರ್: ನನ್ನ ಮೂರು ದಿನ ನುಂಗಿದ್ದು ಬರೀ ಒಂದು ಅಂಕಿ. ಜೀನ್ ಎಲ್ಲಿದೆ ಅಂತ ಬರೆದಿಡುವ ಫೈಲುಗಳಲ್ಲಿ ಎರಡು ಬಗೆ: ಬೆಡ್ ಫೈಲ್ ಸೊನ್ನೆಯಿಂದ ಎಣಿಸುತ್ತದೆ, ಜಿಟಿಎಫ್ ಒಂದರಿಂದ. ಜಿಟಿ ಇರಬೇಕಾದ ಜಾಗದಲ್ಲಿ ಟಿ ಎದ್ದು ನಿಂತಿತ್ತು! ಎಸಿ ಜಾಸ್ತಿ ಕಂಡರೆ ಮೈನಸ್ ಎಳೆಯ (ಡಿಎನ್‌ಎಯ ಎದುರು ಎಳೆ) ಜೀನ್‌ಗಳನ್ನು ತಿರುಗಿಸಿ, ಅಕ್ಷರಗಳನ್ನು ಅವುಗಳ ಜೋಡಿಗೆ ಬದಲಿಸಿ (ಎಗೆ ಟಿ, ಸಿಗೆ ಜಿ) ಓದಿಲ್ಲ ಅಂತ ಅರ್ಥ.

ರಕ್ತ ಪರೀಕ್ಷೆ ಲ್ಯಾಬಿನ ಅಕ್ಕ: ನಮ್ಮ ದೇಶದಲ್ಲಿ ಬೀಟಾ ಥಲಸ್ಸೀಮಿಯಾಗೆ (ವಂಶದಿಂದ ಬರುವ ರಕ್ತಹೀನತೆ) ಜಾಸ್ತಿ ಕಾಣುವ ಕಾರಣ ಗೊತ್ತಾ? ಬೀಟಾ ಗ್ಲೋಬಿನ್ ಜೀನಿನ ಮೊದಲ ಇಂಟ್ರಾನ್, ಐದನೇ ಅಕ್ಷರ, ಜಿ ಹೋಗಿ ಸಿ. ಜಿಟಿ ಹಾಗೇ ಇದೆ, ಆದರೂ ಸ್ಪ್ಲೈಸಿಂಗ್ ಕೆಡುತ್ತದೆ. ಸಿಎಜಿಜಿಟಿಟಿಜಿಜಿಟಿ ಹಾಕು, ಆಮೇಲೆ ಸಿಎಜಿಜಿಟಿಟಿಜಿಸಿಟಿ. ಅಂಕ ಇಳಿಯದಿದ್ದರೆ ನಿನ್ನ ಲೆಕ್ಕದಲ್ಲೇ ತಪ್ಪಿದೆ.

ವಿದ್ಯಾರ್ಥಿನಿ: ಇಳಿಯಿತು ಅಕ್ಕಾ! ಆದರೆ ಮೈನಸ್ ಎಳೆ ತಿರುಗಿಸಿರಲಿಲ್ಲ. ಇವತ್ತು ರಾತ್ರಿ ನಿದ್ದೆ ಇಲ್ಲ.