ಕುಸ್ತಿ ಕಂಪನಿ ಗೇಮ್‌ನಲ್ಲಿ ಜನಪ್ರಿಯತೆಯ ಲೆಕ್ಕ ಹೇಗೆ ಇಡೋದು? ಹತ್ತು ವರ್ಷ ಓಡಿಸಿದರೆ ಗೆಲ್ಲುವವರೆಲ್ಲ ನೂರಕ್ಕೆ ಹೋಗಿ ಕೂರುತ್ತಾರೆ

ನೀರ್ಚಾಲಿನವ:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ನೀರ್ಚಾಲು ಕಡೆಯವ. ಬಿಡುವಾದಾಗ ಒಂದು ಗೇಮ್ ಮಾಡುತ್ತಿದ್ದೇನೆ. ವಿಷಯ ಡಬ್ಲ್ಯೂಡಬ್ಲ್ಯೂಇ ತರಹದ ಪ್ರೊ ರೆಸ್ಲಿಂಗ್, ಅಂದರೆ ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟು ಆಡುವ ಕುಸ್ತಿ, ಆದರೆ ಬಟನ್ ಒತ್ತಿ ಹೊಡೆದಾಡುವ ಗೇಮ್ ಅಲ್ಲ. ಇದರಲ್ಲಿ ನಾವು ಬುಕರ್. ಯಾರ ಮೇಲೆ ಯಾರು, ಯಾರು ಗೆಲ್ಲಬೇಕು, ಬೆಲ್ಟ್ ಯಾರಿಗೆ, ಯಾರನ್ನು ವಿಲನ್ ಮಾಡಬೇಕು, ಎಲ್ಲ ನಾವೇ ತೀರ್ಮಾನಿಸುವುದು. ಗ್ರಾಫಿಕ್ಸ್ ಇಲ್ಲ, ಬರೀ ಅಕ್ಷರ ಮತ್ತು ಪಟ್ಟಿ. ಇಂಗ್ಲಿಷಿನಲ್ಲಿ ಇಂಥವು ಮೊದಲಿಂದ ಇವೆ, ಆಡಂ ರೈಲ್ಯಾಂಡ್ ಮಾಡಿದ ಟೋಟಲ್ ಎಕ್ಸ್‌ಟ್ರೀಮ್ ರೆಸ್ಲಿಂಗ್ ಆಡಿದವರಿಗೆ ಗೊತ್ತಿರುತ್ತದೆ. ಕನ್ನಡದಲ್ಲೂ ಒಂದು ಇರಲಿ ಅಂತ ನನ್ನ ಆಸೆ. ಕಂಪನಿ, ಆಟಗಾರರು ಎಲ್ಲ ಕಲ್ಪನೆ. ನಕ್ಷೆ ಮಾತ್ರ ದಕ್ಷಿಣ ಭಾರತದ್ದು.

ಎತ್ತರ, ತೂಕ, ಶಕ್ತಿ ಇವೆಲ್ಲ ಸುಲಭ. ಹಳೆಯ ರೆಸ್ಲಿಂಗ್ ಟ್ರಂಪ್ ಕಾರ್ಡಿನಲ್ಲಿ ಇದ್ದ ಹಾಗೆಯೇ ಇಟ್ಟಿದ್ದೇನೆ. ತಲೆನೋವು ಜನಪ್ರಿಯತೆಯದ್ದು. ಈಗ ಪ್ರತಿಯೊಬ್ಬನಿಗೆ 0ಯಿಂದ 100ರ ಒಳಗೆ ಒಂದು ಅಂಕಿ. ಗೆದ್ದರೆ 2 ಕೂಡುತ್ತದೆ, ಸೋತರೆ 1 ಕಳೆಯುತ್ತದೆ, ಬೆಲ್ಟ್ ಗೆದ್ದರೆ 5 ಕೂಡುತ್ತದೆ. ಆಟದೊಳಗಿನ ಹತ್ತು ವರ್ಷ ಓಡಿಸಿ ನೋಡಿದರೆ ಗೆಲ್ಲುವ ಹತ್ತು ಹದಿನೈದು ಜನ 100ಕ್ಕೆ ಅಂಟಿಕೊಂಡಿರುತ್ತಾರೆ. ಉಳಿದವರು ಸೊನ್ನೆ. ನಡುವೆ ಯಾರೂ ಇಲ್ಲ.

ಎರಡನೆಯ ಪ್ರಶ್ನೆ ವಿಲನ್‌ದು. ಜನ ಬಯ್ಯುತ್ತಾರೆ, ಕೂಗುತ್ತಾರೆ, ಆದರೆ ಅವನು ಬಂದರೆ ಟಿಕೆಟ್ ಖರ್ಚಾಗುತ್ತದೆ. ನಮ್ಮ ಕಡೆ ಯಕ್ಷಗಾನದಲ್ಲಿ ಮಹಿಷಾಸುರನ ಪ್ರವೇಶ ನೋಡಲೆಂದೇ ನಿದ್ದೆ ಬಿಟ್ಟು ಕೂರುವವರು ಎಷ್ಟು ಜನ! ಅಂಥವನ ಅಂಕಿ ಮೇಲೆ ಹೋಗಬೇಕೋ ಕೆಳಗೆ ಬರಬೇಕೋ? ಪ್ರೊ ರೆಸ್ಲಿಂಗ್ ನೋಡುವವರು, ಲೆಕ್ಕ ಗೊತ್ತಿರುವವರು ಸ್ವಲ್ಪ ಹೇಳಿ ಮಾರಾಯ್ರೆ.

ಜತ್ತದ ಅಣ್ಣ:

ತಮ್ಮಾ, ತೊಂದರೆ ಬುಡದಲ್ಲೇ ಇದೆ. ಒಬ್ಬನಿಗೆ 2 ಬರುವಾಗ ಇನ್ನೊಬ್ಬನಿಂದ ಹೋಗುತ್ತಿರುವುದು 1 ಮಾತ್ರ. ಹಾಗಾದರೆ ಪ್ರತಿ ಪಂದ್ಯದಲ್ಲೂ ಒಂದು ಅಂಕ ಗಾಳಿಯಿಂದ ಹುಟ್ಟುತ್ತಿದೆ ಅಲ್ವಾ? ವಾರಕ್ಕೆ ಎಂಟು ಪಂದ್ಯ ಅಂದರೆ ವರ್ಷಕ್ಕೆ 416 ಅಂಕ. ಅದು ಎಲ್ಲಿಗೆ ಹೋಗಬೇಕು? ಮೇಲಿರುವವರ ಹತ್ತಿರವೇ ಹೋಗಿ ಸೇರುತ್ತದೆ.

ಚೆಸ್‌ನವರು ಇದನ್ನು ಎಂದೋ ಬಗೆಹರಿಸಿದ್ದಾರೆ. ಅರ್ಪಾಡ್ ಈಲೋ ಮಾಡಿದ ರೇಟಿಂಗ್ ಪದ್ಧತಿಯನ್ನು ಚೆಸ್‌ನ ಜಾಗತಿಕ ಸಂಸ್ಥೆ ಫಿಡೆ 1970ರಲ್ಲಿ ತಂದಿತು. ಅದರ ತಿರುಳು ಇಷ್ಟು: ಗೆಲ್ಲಲೇಬೇಕಾದವನು ಗೆದ್ದರೆ ಹೆಚ್ಚೇನೂ ಸಿಗದು, ಸೋಲಬೇಕಾದವನು ಗೆದ್ದರೆ ದೊಡ್ಡ ಪಾಲು ಸಿಗುತ್ತದೆ. ನೀನೂ ಹಾಗೆ ಮಾಡು. 90ರವನು ವಾರವಾರ 20ರವರನ್ನು ಕೆಡವಿದರೆ ಅವನಿಗೆ ಏನೂ ಬರಬಾರದು. 40ರವನು 90ರವನನ್ನು ಕೆಡವಿದರೆ ಊರೆಲ್ಲ ಸುದ್ದಿ.

ಆದರೆ ಚೆಸ್ ಲೆಕ್ಕ ಇಲ್ಲಿಗೆ ಸಾಲದು. ಪ್ರೊ ರೆಸ್ಲಿಂಗ್‌ನಲ್ಲಿ ಸೋತು ದೊಡ್ಡವರಾದವರಿದ್ದಾರೆ. 1997ರ ಮಾರ್ಚ್ 23, ಡಬ್ಲ್ಯೂಡಬ್ಲ್ಯೂಇಯವರ ವರ್ಷದ ದೊಡ್ಡ ಶೋ ರೆಸಲ್‌ಮೇನಿಯಾ 13, ಬ್ರೆಟ್ ಹಾರ್ಟ್ ಮತ್ತು ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್. ಆಸ್ಟಿನ್ ಮುಖವೆಲ್ಲ ರಕ್ತ, ಶಾರ್ಪ್‌ಶೂಟರ್ ಹಿಡಿತದಲ್ಲಿ ಸಿಕ್ಕಿಬಿದ್ದಿದ್ದಾನೆ, ಆದರೂ ಕೈ ಬಡಿದು ಸೋಲು ಒಪ್ಪಲಿಲ್ಲ, ಪ್ರಜ್ಞೆ ತಪ್ಪಿದ. ಕಾಗದದ ಮೇಲೆ ಗೆದ್ದವನು ಬ್ರೆಟ್. ಬಂದಾಗ ಬ್ರೆಟ್ ಹೀರೋ, ಆಸ್ಟಿನ್ ವಿಲನ್. ಹೊರಗೆ ಹೋಗುವಾಗ ಅದಲುಬದಲು. ನಿನ್ನ ಈಗಿನ ರೂಲ್ ಇಲ್ಲಿ ಬ್ರೆಟ್‌ಗೆ 2 ಕೊಟ್ಟು ಆಸ್ಟಿನ್‌ನಿಂದ 1 ಕಿತ್ತುಕೊಳ್ಳುತ್ತದೆ. ತಪ್ಪಲ್ವಾ?

ನಮ್ಮ ಕಡೆ ಜಾತ್ರೆಯ ಮಣ್ಣಿನ ಕುಸ್ತಿಯಲ್ಲೂ ಇದನ್ನು ನೋಡುತ್ತೇವೆ, ಅದು ನಿಜವಾದ ಕುಸ್ತಿ, ಬರೆದಿಟ್ಟದ್ದಲ್ಲ. ಕೊಲ್ಲಾಪುರದಿಂದ ಬಂದ ದೊಡ್ಡ ಪೈಲ್ವಾನನ ಎದುರು ನಮ್ಮೂರ ಹುಡುಗ ಚಿತ್ ಆಗದೆ ನಿಂತರೆ ಸಾಕು. ಕುಸ್ತಿ ಸಮ ಅಂತ ಬಿಡಿಸಿದ ಮೇಲೆ ಜನ ಕಣಕ್ಕೆ ಇಳಿದು ಆ ಹುಡುಗನ ಕೈಗೆ ನೋಟು ಇಡುತ್ತಾರೆ.

ಅದಕ್ಕೇ ಹೇಳುವುದು, ಯಾರು ಗೆದ್ದರು ಅನ್ನುವುದರ ಜೊತೆ ಹೇಗೆ ಗೆದ್ದರು ಅನ್ನುವುದನ್ನೂ ಬರೆಸು. ನೇರವಾಗಿ ಚಿತ್ ಮಾಡಿದರೆ ಪೂರ್ತಿ ಅಂಕ. ಹೊರಗಿನವರು ಬಂದು ಕುರ್ಚಿಯಲ್ಲಿ ಹೊಡೆದು ಗೆಲ್ಲಿಸಿದರೆ ಕಾಲು ಭಾಗ. ಸೋಲು ಒಪ್ಪದೆ ಬಿದ್ದರೆ ಸೋತವನಿಗೇ ಲಾಭ.

ತಾಳವಾಡಿ ಹುಡುಗಿ:

ಅಣ್ಣ ಹೇಳಿದ್ದು ಸರಿ. ಆದರೆ ನನ್ನ ಪ್ರಕಾರ ಒಂದು ಅಂಕಿಯಲ್ಲಿ ಎಲ್ಲವನ್ನೂ ಹಿಡಿಯಲು ಹೋಗುವುದೇ ಸಮಸ್ಯೆ. ಕನಿಷ್ಠ ಎರಡು ಬೇಕು. ಒಂದಕ್ಕೆ ‘ಹೆಸರು’ ಅನ್ನಿ, 0ಯಿಂದ 100. ಎಷ್ಟು ಜನಕ್ಕೆ ಇವರು ಗೊತ್ತು ಅಂತ. ಇನ್ನೊಂದು ‘ಒಲವು’, ಮೈನಸ್ 100ರಿಂದ ಪ್ಲಸ್ 100. ಚಪ್ಪಾಳೆಯೋ ಬೈಗುಳವೋ ಅಂತ. ಟಿಕೆಟ್ ಲೆಕ್ಕ ಹಾಕುವಾಗ ಒಲವಿನ ಪ್ಲಸ್ ಮೈನಸ್ ನೋಡಬೇಡಿ, ಸೊನ್ನೆಯಿಂದ ಎಷ್ಟು ದೂರ ಇದೆ ಅಂತ ಮಾತ್ರ ನೋಡಿ. ಮೈನಸ್ 80ರ ವಿಲನ್‌ಗೆ ಜನ ಬರುತ್ತಾರೆ. ಸೊನ್ನೆಯವನು ಬಂದಾಗ ಜನ ಎದ್ದು ಪಾಪ್‌ಕಾರ್ನ್ ತರಲು ಹೋಗುತ್ತಾರೆ. ಪ್ರೊ ರೆಸ್ಲಿಂಗ್‌ನಲ್ಲಿ ಅದಕ್ಕಿಂತ ಕೆಟ್ಟದ್ದು ಇಲ್ಲ. 1996ರ ಜುಲೈನಲ್ಲಿ ಹಲ್ಕ್ ಹೋಗನ್ ವಿಲನ್ ಆದಾಗ ಒಲವು ಪ್ಲಸ್‌ನಿಂದ ಮೈನಸ್‌ಗೆ ಬಿತ್ತು, ಹೆಸರು ಒಂದಿಷ್ಟೂ ಇಳಿಯಲಿಲ್ಲ. ಇಂಥದ್ದು ನಿಮ್ಮ ಗೇಮ್‌ನಲ್ಲಿ ಆಗಬೇಕಾದರೆ ಎರಡು ಅಂಕಿ ಬೇಕೇ ಬೇಕು.

100ಕ್ಕೆ ಅಂಟಿಕೊಳ್ಳುವುದನ್ನು ತಪ್ಪಿಸಲು ಒಂದು ಗುಣಾಕಾರ ಸಾಕು. ಬರುವ ಅಂಕವನ್ನು 100ರಿಂದ ಈಗಿನ ಹೆಸರು ಕಳೆದು ಉಳಿದದ್ದರಿಂದ ಗುಣಿಸಿ 100ರಿಂದ ಭಾಗಿಸಿ. 20ರಲ್ಲಿರುವವನಿಗೆ 5 ಅಂಕ ಅಂದರೆ 4 ಸಿಗುತ್ತದೆ, 90ರವನಿಗೆ ಅರ್ಧ ಅಂಕ. ಮೇಲೆ ಹೋದ ಹಾಗೆ ಏರು ಕಡಿದಾಗುತ್ತದೆ.

ಇದೆಲ್ಲ ಸುಲಭದ ಭಾಗ. ನನಗೆ ಮುಖ್ಯ ಅನ್ನಿಸುವುದು ಬೇರೆ. ನಿಮ್ಮ ಗೇಮ್‌ನಲ್ಲಿ ಜನಕ್ಕೆ ಸ್ವಂತ ಮನಸ್ಸು ಇದೆಯಾ? ಬುಕರ್ ಇವನನ್ನು ಗೆಲ್ಲಿಸಿದ, ಹಾಗಾಗಿ ಜನ ಇವನನ್ನು ಮೆಚ್ಚಿದರು, ಇಷ್ಟೇ ಆದರೆ ಅದು ಗೇಮ್ ಅಲ್ಲ, ಲೆಕ್ಕದ ಪುಸ್ತಕ. ಬೆಕಿ ಲಿಂಚ್ ನೆನಪಿದೆಯಾ? 2018ರ ಆಗಸ್ಟ್, ಸಮ್ಮರ್‌ಸ್ಲ್ಯಾಮ್ ಶೋ. ಸೋತ ಮೇಲೆ ಗೆಳತಿ ಶಾರ್ಲೆಟ್ ಮೇಲೆಯೇ ಬಿದ್ದಳು. ಕಂಪನಿ ಅವಳನ್ನು ವಿಲನ್ ಮಾಡಲು ಹೊರಟಿತ್ತು. ಜನ ಬಯ್ಯಲಿಲ್ಲ, ಎದ್ದು ಕೇಕೆ ಹಾಕಿದರು, ಯಾಕೆಂದರೆ ಇವಳಿಗೆ ಅಷ್ಟು ದಿನ ಅನ್ಯಾಯ ಆಗಿದೆ ಅಂತ ಅವರಿಗೆ ಅನ್ನಿಸಿತ್ತು. ನವೆಂಬರಿನಲ್ಲಿ ಮೂಗು ಮುರಿದು ಮುಖದ ತುಂಬ ರಕ್ತ ಇಟ್ಟುಕೊಂಡು ನಿಂತಳಲ್ಲ, ಅಲ್ಲಿಗೆ ಮುಗಿಯಿತು. ಮುಂದಿನ ಏಪ್ರಿಲ್‌ನಲ್ಲಿ ರೆಸಲ್‌ಮೇನಿಯಾದ ಕೊನೆಯ ಪಂದ್ಯ ಮೊಟ್ಟಮೊದಲ ಬಾರಿಗೆ ಹೆಂಗಸರದಾಯಿತು, ಗೆದ್ದವಳು ಅವಳೇ. ನಾನು ಆ ಹೊತ್ತಿನಲ್ಲಿ ಅಷ್ಟು ಖುಷಿಯಾಗಿ ಯಾವ ಆಟವನ್ನೂ ನೋಡಿರಲಿಲ್ಲ. ಇದು ಯಾವ ಬುಕರ್ ಪಟ್ಟಿಯಲ್ಲೂ ಮೊದಲು ಇದ್ದದ್ದಲ್ಲ.

ಹಾಗಾಗಿ ‘ಬಾಕಿ’ ಅಂತ ಮೂರನೆಯ ಅಂಕಿ ಇಡಿ. ಒಬ್ಬರು ಒಳ್ಳೆಯ ಪಂದ್ಯ ಕೊಡುತ್ತಿದ್ದಾರೆ, ಆದರೆ ಜಾಗ ಸಿಗುತ್ತಿಲ್ಲ. ಆಗೆಲ್ಲ ಬಾಕಿ ಏರಲಿ. ಒಂದು ಮಿತಿ ದಾಟಿದ ಮೇಲೆ ಬುಕರ್ ಆ ಜಾಗವನ್ನು ಬೇರೆಯವನಿಗೆ ಕೊಟ್ಟರೆ, ಬೈಗುಳ ಆ ಬೇರೆಯವನ ಮೇಲೆ ಬೀಳಲಿ. 2014ರ ರಾಯಲ್ ರಂಬಲ್‌ನಲ್ಲಿ, ಅಂದರೆ 30 ಜನ ಒಬ್ಬೊಬ್ಬರಾಗಿ ಕಣಕ್ಕೆ ಬರುವ ಪಂದ್ಯದಲ್ಲಿ, ಹೀಗೆಯೇ ಆಯಿತು. ಜನಕ್ಕೆ ಬೇಕಾದದ್ದು ಡೇನಿಯಲ್ ಬ್ರಯಾನ್. ಅವನು ಬರಲಿಲ್ಲ, 30ನೆಯವನಾಗಿ ಬಂದದ್ದು ರೇ ಮಿಸ್ಟೀರಿಯೋ. ಪಾಪ, ಎಲ್ಲರೂ ಇಷ್ಟಪಡುವ ಆಟಗಾರ, ಅವನಿಗೇ ಬೈಗುಳ. ಗೆದ್ದ ಬಟಿಸ್ಟಾಗೆ ಇನ್ನೂ ಜಾಸ್ತಿ. ಕಂಪನಿ ಕೊನೆಗೆ ಯೋಜನೆ ಬದಲಿಸಿತು, ಏಪ್ರಿಲ್ 6ರಂದು ರೆಸಲ್‌ಮೇನಿಯಾ 30ರಲ್ಲಿ ಬ್ರಯಾನ್ ಬೆಲ್ಟ್ ಗೆದ್ದ. ಬಾಕಿ ತೀರಿಸಿದ ದಿನ ಅದೆಲ್ಲ ಒಟ್ಟಿಗೆ ಹೆಸರಿಗೆ ಸೇರಲಿ.

ಜತ್ತದ ಅಣ್ಣ:

ತಂಗಿ, ಬಾಕಿ ವಿಚಾರ ಚೆನ್ನಾಗಿದೆ. ಒಂದು ಅನುಮಾನ. ಆಡುವವನು ಬೇಕಂತಲೇ ಒಳ್ಳೆಯವರನ್ನು ಮೂಲೆಯಲ್ಲಿ ಕೂರಿಸಿ ಬಾಕಿ ಬೆಳೆಸುತ್ತಾನೆ. ಆಮೇಲೆ ಒಂದೇ ಏಟಿಗೆ ತೀರಿಸಿ ಅಂಕ ಬಾಚಿಕೊಳ್ಳುತ್ತಾನೆ. ಎರಡು ಸಲ ಆಡಿದರೆ ಈ ದಾರಿ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ತಾಳವಾಡಿ ಹುಡುಗಿ:

ಅದನ್ನು ತಡೆಯುವುದು ಬೇಡ ಅಣ್ಣ. ಒಳ್ಳೆಯ ಬುಕರ್ ಮಾಡುವ ಕೆಲಸವೇ ಅದು, ಕಾಯಿಸಿ ಕೊಡುವುದು. ಆದರೆ ಆ ಅಂಕಿಯನ್ನು ಪರದೆಯ ಮೇಲೆ ತೋರಿಸಬಾರದು. ಸೂಚನೆ ಮಾತ್ರ ಕೊಡಿ: ಜನ ಅವನ ಹೆಸರು ಕೂಗುತ್ತಿದ್ದಾರೆ, ಬೇರೆಯವರ ಪಂದ್ಯದಲ್ಲೂ ಅವನದ್ದೇ ಘೋಷಣೆ, ಕೈಬರಹದ ಬೋರ್ಡು ಜಾಸ್ತಿಯಾಗಿದೆ, ಹೀಗೆ. ತುಂಬ ಕಾಯಿಸಿದರೆ ಬಾಕಿ ಕರಗಲಿ, ಯಾವಾಗ ಕರಗುತ್ತದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ತರಹ ಇರಲಿ. ಕೋಫಿ ಕಿಂಗ್‌ಸ್ಟನ್ 2008ರಿಂದ ಡಬ್ಲ್ಯೂಡಬ್ಲ್ಯೂಇ ಟಿವಿಯಲ್ಲಿದ್ದವನು. 2019ರಲ್ಲಿ ಮುಸ್ತಫಾ ಅಲಿಗೆ ಗಾಯವಾಗಿ ಆ ಜಾಗಕ್ಕೆ ಇವನನ್ನು ಹಾಕಿದರು. ಒಂದೇ ರಾತ್ರಿ ಒಂದು ಗಂಟೆಗೂ ಜಾಸ್ತಿ ಆಡಿದ. ಹನ್ನೊಂದು ವರ್ಷದ ಬಾಕಿ ಎರಡೇ ತಿಂಗಳಲ್ಲಿ ಬೆಲ್ಟ್ ಆಯಿತು. ಗಾಯದಿಂದ ಬಾಗಿಲು ತೆರೆಯುವಂಥ ಘಟನೆಗಳನ್ನೂ ಗೇಮ್‌ನಲ್ಲಿ ಇಡಿ.

ನೀರ್ಚಾಲಿನವ:

ಬಾಕಿ ಖಂಡಿತ ಹಾಕುತ್ತೇನೆ. ಈಗ ಊರಿನ ಲೆಕ್ಕ ಹೇಳಿ. ಹೆಸರು ಎಲ್ಲ ಕಡೆ ಒಂದೇ ಇರಬಾರದು ಅಂತ ರಾಜ್ಯವಾರು ಹಂಚಿದೆ. ಆಗ ಏನಾಗುತ್ತಿದೆ ಅಂದರೆ ಮಂಗಳೂರಿನಲ್ಲಿ ಹೆಸರು ಮಾಡಿದವನು ಕೇರಳಕ್ಕೆ ಸೇರಿದ ನಮ್ಮ ಕುಂಬಳೆಯಲ್ಲಿ ಯಾರಿಗೂ ಗೊತ್ತಿಲ್ಲ, ಐನೂರು ಕಿಲೋಮೀಟರಿಗೂ ಆಚೆ ತಿರುವನಂತಪುರದಲ್ಲಿ ಗೆದ್ದವನಿಗೆ ಕುಂಬಳೆಯಲ್ಲಿ ಚಪ್ಪಾಳೆ. ಇಲ್ಲಿ ಬದುಕುವವನಿಗೆ ಇದು ಎಷ್ಟು ಸುಳ್ಳು ಅಂತ ಗೊತ್ತು. 1956ರಲ್ಲಿ ಗಡಿ ಎಳೆದರು, ಆದರೆ ಬಸ್ಸು, ಆಸ್ಪತ್ರೆ, ಆಟ ಎಲ್ಲ ನಮಗೆ ಇವತ್ತಿಗೂ ಮಂಗಳೂರಿನ ಕಡೆಗೇ.

ಆದೋನಿ ಬಸವ:

ಇದಕ್ಕೆ ಗಡಿಯವರೇ ಸರಿಯಾದ ಉತ್ತರ ಕೊಡಬಲ್ಲರು. ರಾಜ್ಯ ಬಿಟ್ಟುಬಿಡಿ. ಊರುಗಳ ನಡುವೆ ಗೆರೆ ಎಳೆದು ಪ್ರತಿ ಗೆರೆಗೂ ಒಂದು ತೂಕ ಕೊಡಿ. ಬಸ್ ಓಡಾಟ ಎಷ್ಟು, ಯಾವ ಭಾಷೆಯ ಟಿವಿ ನೋಡುತ್ತಾರೆ, ಸಂತೆಗೆ ಎಲ್ಲಿಗೆ ಹೋಗುತ್ತಾರೆ, ಇವೇ ತೂಕ. ಆಂಧ್ರದಲ್ಲಿರುವ ನಮ್ಮ ಆದೋನಿಗೆ ಕರ್ನೂಲಿನ ಗೆರೆಯೂ ಬರುತ್ತದೆ, ಬಳ್ಳಾರಿಯ ಗೆರೆಯೂ ಬರುತ್ತದೆ. ಒಂದು ಊರಿನಲ್ಲಿ 10 ಅಂಕ ಬಂದರೆ ಗೆರೆಯ ತೂಕಕ್ಕೆ ತಕ್ಕಂತೆ ಪಕ್ಕದ ಊರಿಗೆ 3 ಹರಿಯಲಿ, 1 ಹರಿಯಲಿ.

ಇನ್ನೊಂದು. ಕಣ್ಣಿಗೆ ಕಾಣದವನ ಹೆಸರು ಎಷ್ಟು ಬೇಗ ಇಳಿಯಬೇಕು? ಎಲ್ಲ ಕಡೆ ಒಂದೇ ವೇಗ ಇಡಬೇಡಿ. 2023ರ ಸೆಪ್ಟೆಂಬರ್ 8ರಂದು ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಡಬ್ಲ್ಯೂಡಬ್ಲ್ಯೂಇ ಶೋ ಆಯಿತಲ್ಲ, ಜಾನ್ ಸೀನಾ ಬಂದಿದ್ದ. ಅಷ್ಟು ಹೊತ್ತಿಗೆ ಅವನು ಹೆಚ್ಚಾಗಿ ಸಿನಿಮಾದಲ್ಲೇ ಇದ್ದವನು. ಅಮೆರಿಕದಲ್ಲಿ ಅವನು ದಿನವೂ ಆಡುತ್ತಿದ್ದ ಕಾಲದಲ್ಲಿ ಅರ್ಧ ಜನ ಹೊಗಳಿ ಅರ್ಧ ಜನ ಬಯ್ಯುತ್ತಿದ್ದರು. ಇಲ್ಲಿ ಬೈಗುಳ ಎಲ್ಲಿ? ಚಿಕ್ಕಂದಿನಲ್ಲಿ ಟಿವಿಯಲ್ಲಿ ನೋಡಿದವನು ಕಣ್ಣೆದುರಿಗೆ ಬಂದರೆ ಬೇರೆ ಮಾತೇ ಇಲ್ಲ. ಅಂದರೆ ಶೋ ಅಪರೂಪವಾದ ಊರಿನಲ್ಲಿ ಹೆಸರು ನಿಧಾನಕ್ಕೆ ಇಳಿಯಬೇಕು. ದಿನಾ ನೋಡುವ ಊರಿನಲ್ಲಿ ಬೇಸರ ಬೇಗ ಬರಬೇಕು.

ಬೇಸರಕ್ಕೂ ಒಂದು ಅಂಕಿ ಇಡಿ. ಅಮೆರಿಕದಲ್ಲಿ ಮೊದಲು ಒಂದೊಂದು ಪ್ರದೇಶಕ್ಕೆ ಒಂದೊಂದು ಕಂಪನಿ ಇತ್ತು. ಆಂಡ್ರೆ ದಿ ಜೈಂಟ್‌ನನ್ನು ಎಲ್ಲೂ ಜಾಸ್ತಿ ದಿನ ನಿಲ್ಲಿಸದೆ ಊರೂರು ತಿರುಗಿಸುತ್ತಿದ್ದರು. ಅಷ್ಟು ದೊಡ್ಡ ದೇಹವನ್ನೂ ವಾರವಾರ ನೋಡಿದರೆ ಬೆರಗು ಹೋಗುತ್ತದೆ. ಊರು ಬಿಡುವ ಆಟಗಾರ ಹೋಗುವ ಮೊದಲು ಅಲ್ಲಿನವನಿಗೆ ಸೋತು ಹೋಗುವ ಪದ್ಧತಿಯೂ ಇತ್ತು. ಅವನ ಹೆಸರಿನ ಒಂದು ಪಾಲು ಆ ಊರಿನಲ್ಲೇ ಉಳಿಯಲಿ ಅಂತ. ಇದು ನಿಮ್ಮ ಗೇಮ್‌ಗೆ ತುಂಬ ಹೊಂದುತ್ತದೆ.

ಜತ್ತದ ಅಣ್ಣ:

ಬಸವ ಹೇಳಿದ ಗೆರೆಯ ಮಾತಿಗೆ ನನ್ನದೂ ಓಟು. 1959ರಲ್ಲಿ ಮೊದಲ ಹಿಂದ್ ಕೇಸರಿಯಾದ (ದೇಶಮಟ್ಟದ ಕುಸ್ತಿ ಬಿರುದು) ಶ್ರೀಪತಿ ಖಂಚನಾಳೆ ಬೆಳಗಾವಿ ಜಿಲ್ಲೆಯ ಎಕ್ಸಂಬದವರು, ಕಸರತ್ತು ಮಾಡಿದ್ದು ಕೊಲ್ಲಾಪುರದ ತಾಲೀಮಿನಲ್ಲಿ. ಎರಡೂ ಕಡೆಯವರು ಇವತ್ತಿಗೂ ನಮ್ಮವರು ಅಂತಾರೆ. ಒಬ್ಬನಿಗೆ ಹುಟ್ಟೂರು, ತಾಲೀಮಿನ ಊರು ಅಂತ ಎರಡು ಮನೆ ಕೊಡು ತಮ್ಮಾ, ಎರಡರಲ್ಲೂ ಒಲವು ಪ್ಲಸ್‌ನಿಂದಲೇ ಶುರುವಾಗಲಿ. ವಿಲನ್ ಆದರೂ ಮನೆಯ ಊರಿನಲ್ಲಿ ಬೇಗ ಮೈನಸ್‌ಗೆ ಇಳಿಯದಿರಲಿ.

ನೀರ್ಚಾಲಿನವ:

ಇವತ್ತು ರಾತ್ರಿಯೇ ಕೂತು ಗೆರೆಗಳನ್ನು ಹಾಕುತ್ತೇನೆ. ಇನ್ನು ಟ್ಯಾಗ್ ತಂಡ, ಅಂದರೆ ಇಬ್ಬರು ಜೊತೆಯಾಗಿ ಆಡುವ ತಂಡ, ಒಂದು ಉಳಿಯಿತು. ತಂಡದ ಹೆಸರು 70, ಒಬ್ಬೊಬ್ಬರದ್ದು 35. ತಂಡ ಒಡೆದರೆ ಆ 70 ಏನಾಗಬೇಕು? ಈಗ ಇಬ್ಬರಿಗೂ ಸಮ ಹಂಚುತ್ತಿದೆ.

ತಾಳವಾಡಿ ಹುಡುಗಿ:

ಸಮ ಹಂಚಬೇಡಿ. 1992ರ ಜನವರಿಯಲ್ಲಿ ರಾಕರ್ಸ್ ತಂಡ ಒಡೆದದ್ದು ನೋಡಿ. ಶಾನ್ ಮೈಕಲ್ಸ್ ಜೊತೆಗಾರ ಮಾರ್ಟಿ ಜನೆಟ್ಟಿಯನ್ನು ಒದ್ದು ಗಾಜಿನ ಕಿಟಕಿಯೊಳಕ್ಕೆ ತೂರಿಸಿದ. 1996ರಲ್ಲಿ ಮೈಕಲ್ಸ್ ದೊಡ್ಡ ಬೆಲ್ಟ್ ಗೆದ್ದ, ಜನೆಟ್ಟಿಗೆ ಆ ಎತ್ತರ ಸಿಗಲಿಲ್ಲ. ಹೇಗೆ ಒಡೆಯಿತು ಅನ್ನುವುದರ ಮೇಲೆ ಹಂಚಿಕೆ ಇರಲಿ. ಬೆನ್ನಿಗೆ ಚೂರಿ ಹಾಕಿದವನಿಗೆ ಹೆಸರಿನ ದೊಡ್ಡ ಪಾಲು, ಒಲವು ಮೈನಸ್. ಏಟು ತಿಂದವನಿಗೆ ಚಿಕ್ಕ ಪಾಲು, ಅದರ ಜೊತೆ ದೊಡ್ಡ ಬಾಕಿ. ಆ ಬಾಕಿಗೆ ಮೂರು ತಿಂಗಳ ಗಡುವು ಇಡಿ. ಅಷ್ಟರೊಳಗೆ ಬುಕರ್ ಅವನಿಗೆ ಸೇಡು ತೀರಿಸಿಕೊಳ್ಳುವ ಪಂದ್ಯ ಕೊಡದಿದ್ದರೆ ಬಾಕಿ ಸೊನ್ನೆ.